ಹಲ್ಲಿಯ ಬಾಲ, ತಾತನ ಕಿಡ್ನಿ

“ತಾತ, ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತಲ್ಲ, ನಿನಗೆ ಕಿಡ್ನಿ ಯಾಕೆ ಬೆಳೆಯಲ್ಲ?” ಡಯಾಲಿಸಿಸ್ ಮುಗಿಸಿ ಬಂದು ಕುಳಿತಿದ್ದ ನನ್ನನ್ನು ಮೊಮ್ಮಗಳು ಕೇಳಿದಳು.

ಒಳ್ಳೆಯ ಪ್ರಶ್ನೆ. ನಮ್ಮ ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಇವೆಲ್ಲ ತಯಾರಾಗಿಬಿಡುತ್ತವೆ. ಆಮೇಲೆ ಹೊಸದು ಹುಟ್ಟುವುದಿಲ್ಲ. ಆದರೆ ಜೀಬ್ರಾ ಮೀನು ದೊಡ್ಡದಾದ ಮೇಲೂ ಹೊಸ ನೆಫ್ರಾನ್ ಬೆಳೆಸಿಕೊಳ್ಳಬಲ್ಲದು!

ನಮ್ಮ ನೆಫ್ರಾನಿನ ಕೊಳವೆಗೂ ಪೆಟ್ಟಾದರೆ ತಕ್ಕಮಟ್ಟಿಗೆ ತಾನೇ ರಿಪೇರಿಯಾಗುತ್ತದೆ. ರಿಪೇರಿ ಮಾಡುವವರು ಯಾರು? ಬೇಕಾದಾಗ ಬೇರೆ ಬಗೆಯ ಕೋಶವಾಗಬಲ್ಲ ‘ಆಕರ ಕೋಶ’ಗಳು ಅಲ್ಲೆಲ್ಲೋ ಅಡಗಿವೆಯೇ? ಇಟಲಿಯ ಫ್ಲಾರೆನ್ಸ್ ನಗರದ ಪಾವೊಲಾ ರೊಮಾನ್ಯಾನಿ ಮತ್ತು ಸಂಗಡಿಗರು ವಯಸ್ಕರ ಕಿಡ್ನಿಯಲ್ಲಿ ಹುಡುಕಿದರು. ಕೋಶದ ಮೈಮೇಲಿನ ಸಿಡಿ24, ಸಿಡಿ133 ಎಂಬ ಪ್ರೋಟೀನ್‌ಗಳೇ ಅವರಿಗೆ ಗುರುತು. ರಕ್ತ ಸೋಸುವ ನಾಳಗಳ ಗೊಂಚಲನ್ನು ಬಟ್ಟಲಿನಂತೆ ಸುತ್ತಿರುವ ಪದರದಲ್ಲಿ ಅಂಥ ಕೋಶಗಳು ಸಿಕ್ಕವು ಎಂದು 2006ರಲ್ಲಿ ಪ್ರಕಟಿಸಿದರು. ಕಿಡ್ನಿ ಕೆಟ್ಟ ಇಲಿಗಳಿಗೆ ಕೊಟ್ಟಾಗ ಅವು ಕೊಳವೆಯ ಕೋಶಗಳಾಗಿ ಬೆರೆತವು.

ಆದರೆ ರಿಪೇರಿ ಮಾಡುವುದು ಇವೇನೋ, ಅಥವಾ ಪೆಟ್ಟು ಬಿದ್ದಾಗ ಮಾಮೂಲಿ ಕೋಶಗಳೇ ವೇಷ ಬದಲಿಸುತ್ತವೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಇದು ಇನ್ನೂ ಔಷಧಿಯಾಗಿಲ್ಲ. ನನ್ನ ಓರಗೆಯವರೇ, ‘ಸ್ಟೆಮ್ ಸೆಲ್ ಚುಚ್ಚಿ ಕಿಡ್ನಿ ಸರಿಮಾಡುತ್ತೇವೆ’ ಎಂಬ ಜಾಹೀರಾತು ನಂಬಿ ದುಡ್ಡು ಸುರಿಯಬೇಡಿ. ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

“ಹಾಗಾದ್ರೆ ಅಲ್ಲೀವರೆಗೆ ಏನು ಮಾಡೋದು?” ಎಂದಳು.

“ಉಪ್ಪು ಕಡಿಮೆ, ನೀರು ಅಳತೆಯಲ್ಲಿ,” ಎಂದೆ.

ಒಳಗೆ ಓಡಿದವಳು ಸರಿಯಾಗಿ ಅರ್ಧ ಲೋಟ ನೀರು ಅಳೆದು ತಂದುಕೊಟ್ಟಳು.