ದಮ್ಮಿಗೆ ಉಸಿರಿನ ಪರೀಕ್ಷೆ ಏಕೆ ಬೇಕು?



ಕದರಮಂಡಲಗಿ, ಬ್ಯಾಡಗಿ ಸೀಮೆಯವರಿಗೆ ಮೆಣಸಿನಕಾಯಿ ಘಾಟು ಹೊಸದಲ್ಲ. ಕಾಯಿ ಒಣಗಿಸುವಾಗ, ತೊಟ್ಟು ಬಿಡಿಸುವಾಗ, ಚೀಲ ತುಂಬುವಾಗ ಎಲ್ಲರಿಗೂ ಕೆಮ್ಮು ಬರುತ್ತದೆ. ಆದರೆ ಮನೆಗೆ ಬಂದ ಮೇಲೂ ಕೆಮ್ಮು ನಿಲ್ಲದೆ, ರಾತ್ರಿ ಎದೆ ಬಿಗಿದು ಸುಂಯ್‌ಗುಟ್ಟಿದರೆ ಘಾಟಿನ ಕೆಮ್ಮೆಂದು ಸುಮ್ಮನಿರಬೇಡಿರಿ. ಅದು ದಮ್ಮು, ಅಂದರೆ ಅಸ್ತಮಾ ಇರಬಹುದು.

ಪರೀಕ್ಷೆ ಹೇಗೆ?

ದಮ್ಮಿನಲ್ಲಿ ಶ್ವಾಸನಾಳಗಳು ಬಾತು ಕಿರಿದಾಗುತ್ತವೆ. ಇದು ಎಕ್ಸ್‌ರೇಯಲ್ಲಿ ಕಾಣದಿರಬಹುದು. ಸ್ಪೈರೊಮೆಟ್ರಿ ಪರೀಕ್ಷೆಯಲ್ಲಿ ಪೂರ್ತಿ ಉಸಿರೆಳೆದು, ಕೊಳವೆಯೊಳಗೆ ಜೋರಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಯಂತ್ರ ಅಳೆಯುತ್ತದೆ. ನಂತರ ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಸುಮಾರು 15 ನಿಮಿಷದ ಮೇಲೆ ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಈ ಅಳತೆ ಶೇ. 12ಕ್ಕಿಂತಲೂ 200 ಮಿ.ಲೀ.ಗಿಂತಲೂ ಹೆಚ್ಚಿದರೆ ದಮ್ಮಿಗೆ ಅದು ಬಲವಾದ ಆಧಾರ. ಸೂಜಿಯಿಲ್ಲ, ನೋವಿಲ್ಲ. ದಮ್ಮು ಏರಿಳಿಯುವ ಕಾಯಿಲೆ; ಒಮ್ಮೆ ಅಳತೆ ಸರಿ ಬಂದರೆ ದಮ್ಮಿಲ್ಲವೆಂದು ಅರ್ಥವಲ್ಲ.

ಇತ್ತೀಚೆಗೆ ಹೃದಯಾಘಾತ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ತಿಳಿಸಿರಿ.

ಮನೆಯಲ್ಲಿ ಅಳತೆ

ಪೀಕ್ ಫ್ಲೋ ಮೀಟರ್ ಎಂಬ ಚಿಕ್ಕ ಸಾಧನದಲ್ಲಿ ಬೆಳಿಗ್ಗೆ, ಸಂಜೆ ನಿಂತುಕೊಂಡು ಮೂರು ಸಲ ಊದಿ, ಹೆಚ್ಚಿನ ಅಂಕಿಯನ್ನು ಬರೆದಿಡಿರಿ. ಆರಾಮವಿದ್ದಾಗ ನಿಮ್ಮ ಅತ್ಯುತ್ತಮ ಅಂಕಿ 400 ಎಂದುಕೊಳ್ಳೋಣ:

* 320ಕ್ಕೆ ಮೇಲೆ – ಹಸಿರು. ಔಷಧ ಹೀಗೇ ಮುಂದುವರಿಸಿರಿ.
* 200ರಿಂದ 320 – ಹಳದಿ. ವೈದ್ಯರು ಬರೆದುಕೊಟ್ಟಂತೆ ಔಷಧ ಹೆಚ್ಚಿಸಿ, ಅವರನ್ನು ಕಾಣಿರಿ.
* 200ಕ್ಕೆ ಕೆಳಗೆ – ಕೆಂಪು. ಕೂಡಲೇ ಪಂಪು ಎಳೆದು 108ಕ್ಕೆ ಕರೆ ಮಾಡಿರಿ.

ಉಸಿರು ಕಟ್ಟುವ ಮೊದಲೇ ಅಂಕಿ ಇಳಿಯಬಹುದು. ಆ ಎಚ್ಚರಿಕೆಯೇ ಇದರ ದೊಡ್ಡ ಉಪಯೋಗ. ಕೆಲಸದ ದಿನ ಇಳಿದು ರಜೆಯ ದಿನ ಏರಿದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿರಿ. ಕೆಲಸದ ಧೂಳೇ ಕಾರಣವೇ ಎಂಬುದು ತಿಳಿಯುತ್ತದೆ. ಕಾಯಕ ಬಿಡದೆ ದಾರಿ ಹುಡುಕಲು ಸಾಧ್ಯವಾಗಬಹುದು.

ಜೊತೆಗೆ ಬಂದವರಿಗೆ

ಪಂಪು ಚಟವಾಗುತ್ತದೆಂಬ ಮಾತು ಸುಳ್ಳು. ಆರಾಮಾಯಿತೆಂದು ಅಜ್ಜನ, ಮಗುವಿನ ದಿನನಿತ್ಯದ ಪಂಪು ನಿಲ್ಲಿಸಬೇಡಿರಿ. ಮಾತನಾಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ಅಂಕಿ ನೋಡುತ್ತ ಕೂಡದೆ ಆಸ್ಪತ್ರೆಗೆ ಕರೆತನ್ನಿರಿ.

ಅಳತೆಯ ಚೀಟಿಯನ್ನು ಪ್ರತಿ ಭೇಟಿಗೂ ತಪ್ಪದೆ ತನ್ನಿರಿ.