ನೈನಿತಾಲ್: ಗುಡ್ಡ ಹಿಡಿದಿಟ್ಟ ಚರಂಡಿಗಳ ಊರು

ಕಾಠಗೋದಾಮ್ ರೈಲು ನಿಲ್ದಾಣದಿಂದ ಹೊರಟ ಬಸ್ಸು ಸುಮಾರು 35 ಕಿ.ಮೀ. ಘಾಟಿ ಹತ್ತಿ ಬಂದು ನಿಲ್ಲುವುದು ತಲ್ಲಿತಾಲ್‌ನಲ್ಲಿ, ಅಂದರೆ ಸರೋವರದ ಕೆಳತುದಿಯಲ್ಲಿ. ಎದುರಿಗೆ ಮೂರೂ ದಿಕ್ಕಿನ ಗುಡ್ಡಗಳ ನಡುವೆ ಕಡು ಹಸಿರು ನೀರು. ಬಲಕ್ಕೆ ಶೇರ್ ಕಾ ಡಾಂಡಾ, ಎಡಕ್ಕೆ ಅಯಾರ್‌ಪಾಟಾ, ದೂರದ ತುದಿಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನೈನಾ ಶಿಖರ. ನೀರಿನ ಮಟ್ಟವೇ ಸಮುದ್ರದಿಂದ 1,900 ಮೀಟರಿಗೂ ಮೇಲೆ. ಸರೋವರದ ಉದ್ದ ಒಂದೂವರೆ ಕಿ.ಮೀ.ಗೆ ತುಸು ಕಡಿಮೆ. ಆ ತುದಿಯ ಪೇಟೆಗೆ ಮಲ್ಲಿತಾಲ್ ಎಂದು ಹೆಸರು.

ಬಸ್ಸಿಳಿದವರು ಸಾಮಾನ್ಯವಾಗಿ ನೇರ ದೋಣಿಗಳ ಕಡೆ ಹೋಗುತ್ತಾರೆ. ಅದಕ್ಕೂ ಮುಂಚೆ ನಿಲ್ದಾಣದ ಪಕ್ಕದಲ್ಲೇ ಇರುವ ‘ಡಾಂಠ್’ ನೋಡಬೇಕು. ನಮ್ಮ ಕೆರೆಗಳಿಗೆ ತೂಬು, ಕೋಡಿ ಇರುವಂತೆ ನೈನಿ ಸರೋವರದ ಹೆಚ್ಚುವರಿ ನೀರು ಹೊರಬೀಳುವ ಬಾಗಿಲು ಇದು. ಇಲ್ಲಿಂದ ಹೊರಟ ನೀರು ಬಲಿಯಾ ನಾಲಾ ಎಂಬ ಕಡಿದಾದ ಕಂದರಕ್ಕೆ ಧುಮುಕಿ ಕೆಳಗೆ ಗೌಲಾ ನದಿ ಸೇರುತ್ತದೆ. ಊರು ನಿಂತಿರುವುದು ನೀರಿನ ಮೇಲಿನ ಹಿಡಿತದಿಂದ ಎಂಬುದು ಇಲ್ಲೇ ಅರ್ಥವಾಗತೊಡಗುತ್ತದೆ. ಈ ಊರಿನ ಬಂಗಲೆ, ಚರ್ಚು, ಶಾಲೆಗಳ ಬಗ್ಗೆ ಬರೆದವರು ಬಹಳ ಮಂದಿ. ನನ್ನ ಮಟ್ಟಿಗೆ ನೈನಿತಾಲ್‌ನ ಅತಿ ದೊಡ್ಡ ಪರಂಪರೆ ಇಲ್ಲಿನ ಚರಂಡಿಗಳು.

ನೈನಿತಾಲನ್ನು 1841ರಲ್ಲಿ ಪಿ. ಬ್ಯಾರನ್ ಎಂಬ ಶಾಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಕಂಡುಹಿಡಿದ ಎಂದು ಪ್ರವಾಸಿ ಕೈಪಿಡಿಗಳಲ್ಲಿ ಬರೆದಿರುತ್ತದೆ. ಈ ಬೆಟ್ಟಸೀಮೆಯಾದ ಕುಮಾವೂಂನ ಜನರಿಗೆ ಈ ಸರೋವರ ಅದಕ್ಕೂ ಎಷ್ಟೋ ಮೊದಲಿನಿಂದ ಗೊತ್ತಿತ್ತು. ಅತ್ರಿ, ಪುಲಸ್ತ್ಯ, ಪುಲಹ ಎಂಬ ಮೂವರು ಋಷಿಗಳು ಬಾಯಾರಿ ಬಂದು ಇಲ್ಲಿ ಗುಂಡಿ ತೋಡಿ ಮಾನಸ ಸರೋವರದ ನೀರನ್ನು ಬರಮಾಡಿಕೊಂಡರು ಎನ್ನುವುದು ಸ್ಕಂದ ಪುರಾಣದ ಮಾನಸಖಂಡದ ಕತೆ. ಹಾಗಾಗಿ ಇದು ತ್ರಿಋಷಿ ಸರೋವರ. ಸತಿಯ ಕಣ್ಣು ಬಿದ್ದ ಜಾಗ ಎಂದು ನೈನಾದೇವಿಯ ಪೀಠವೂ ಹೌದು. ಬ್ಯಾರನ್‌ಗಿಂತ ಮುಂಚೆಯೇ ಕುಮಾವೂಂನ ಬ್ರಿಟಿಷ್ ಕಮಿಷನರ್ ಟ್ರೇಲ್ ಇದನ್ನು ನೋಡಿದ್ದರು. ಜನರ ನಂಬಿಕೆಗೆ ಧಕ್ಕೆಯಾಗಬಾರದೆಂದು ಯಾರಿಗೂ ಹೇಳಲಿಲ್ಲ ಎನ್ನುತ್ತಾರೆ.

ಬ್ಯಾರನ್ ಬಂದ ಮೇಲೆ ಆ ಸಂಕೋಚ ಉಳಿಯಲಿಲ್ಲ. ಈ ನೆಲ ತನ್ನದೆನ್ನುತ್ತಿದ್ದ ನರಸಿಂಗ್ ಎಂಬ ಊರ ಮುಖ್ಯಸ್ಥನನ್ನು ದೋಣಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗಿ, ಹಕ್ಕು ಬಿಟ್ಟೆನೆಂದು ಬರೆದುಕೊಡದಿದ್ದರೆ ನೀರಿಗೆ ತಳ್ಳುವೆನೆಂದು ಹೆದರಿಸಿ ಸಹಿ ಹಾಕಿಸಿಕೊಂಡ ಪ್ರಸಂಗವನ್ನು ಇಂದಿಗೂ ಇಲ್ಲಿ ಹೇಳುತ್ತಾರೆ. ಬೆಟ್ಟದವನಿಗೆ ಈಜು ಬರುತ್ತಿರಲಿಲ್ಲ. ಊರಿನ ಹುಟ್ಟನ್ನು ಹೇಳುವಾಗ ಬ್ಯಾರನ್ ಹೆಸರಿನ ಜೊತೆ ನರಸಿಂಗ್ ಹೆಸರನ್ನೂ ಹೇಳುವುದು ನ್ಯಾಯ.

ಮಾಲ್ ರಸ್ತೆಯಲ್ಲಿ ಮಲ್ಲಿತಾಲ್ ಕಡೆ ನಡೆಯೋಣ. ಎಡಗೈಗೆ ಸರೋವರ, ಬಲಗೈಗೆ ಹೋಟೆಲ್ಲುಗಳ ಸಾಲು, ಅವುಗಳ ಹಿಂದೆ ನೆಟ್ಟಗೆ ಎದ್ದ ಶೇರ್ ಕಾ ಡಾಂಡಾ. ರಿಕ್ಷಾಗಳು ಸಾಗುತ್ತವೆ. ಎರಡು ಹೋಟೆಲ್‌ಗಳ ಸಂದಿಯಲ್ಲಿ ಇಣುಕಿದರೆ ಮೇಲಿನಿಂದ ಇಳಿದು ಬರುವ ಕಲ್ಲಿನ ಕಾಲುವೆ ಕಾಣುತ್ತದೆ. ಅದೇ ನಾಲಾ. ತಳ, ಎರಡೂ ಬದಿ ಪೂರಾ ಕಲ್ಲಿನ ಕಟ್ಟಡ. ಇಳಿಜಾರಿಗೆ ತಕ್ಕಂತೆ ತಳವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಜೋರು ಮಳೆಯ ನೀರು ಒಂದೇ ಸಮನೆ ನುಗ್ಗದೆ ಪ್ರತಿ ಮೆಟ್ಟಿಲಲ್ಲೂ ಬಿದ್ದು ಸೊಕ್ಕು ಕಳೆದುಕೊಂಡು ಇಳಿಯಲಿ ಎಂದು. ನಾನು ನೋಡುತ್ತಿದ್ದಾಗ ಆಗತಾನೆ ಮಳೆ ನಿಂತಿತ್ತು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಬಿಳಿ ನೊರೆಯಾಗಿ ಹಾರಿ, ರಸ್ತೆಯಡಿ ನುಸುಳಿ, ಸರೋವರ ಸೇರುತ್ತಿತ್ತು. ಕಲ್ಲಿನ ಸಂದಿಗಳಲ್ಲಿ ಜರಿಗಿಡ ಬೆಳೆದಿದ್ದರೂ ಗೋಡೆ ಒಂದಿಷ್ಟೂ ಬಾಗಿರಲಿಲ್ಲ. ಹೀಗೆ ಸರೋವರಕ್ಕೆ ಇಳಿಯುವ ನಾಲಾಗಳು ಅರವತ್ತರಷ್ಟಿವೆ. ಊರವರು ಅವನ್ನು ನಂಬರಿನಿಂದಲೇ ಗುರುತಿಸುತ್ತಾರೆ.

ಇವುಗಳ ಹಿಂದಿನ ಕಾರಣ ತಿಳಿಯಲು ಮಾಲ್ ರಸ್ತೆಯ ಕೊನೆಗೆ, ‘ಫ್ಲಾಟ್ಸ್’ ಎಂಬ ಮೈದಾನಕ್ಕೆ ಬರಬೇಕು. ಹುಡುಗರು ಕ್ರಿಕೆಟ್ ಆಡುತ್ತಾರೆ, ಸುತ್ತ ಚಾಟ್ ಗಾಡಿಗಳು. ಒಂದು ಅಂಚಿಗೆ ನೈನಾದೇವಿ ಗುಡಿ, ಹತ್ತಿರದಲ್ಲೇ ಗುರುದ್ವಾರ, ಜಾಮಾ ಮಸೀದಿ, ಮೆಥಡಿಸ್ಟ್ ಚರ್ಚ್. ಗುಡ್ಡಗಳ ಊರಿನಲ್ಲಿ ಇಷ್ಟು ಅಗಲದ ಸಪಾಟು ನೆಲ ಬಂದ ಬಗೆಯನ್ನು ತಿಳಿದವರಿಗೆ ಈ ಮೈದಾನ ಬೇರೆಯಾಗಿ ಕಾಣುತ್ತದೆ.

1880ರ ಸೆಪ್ಟೆಂಬರ್ 16ರಿಂದ ಎಡೆಬಿಡದೆ ಮಳೆ ಹಿಡಿಯಿತು. 18ರ ಶನಿವಾರ ಬೆಳಿಗ್ಗೆ ವಿಕ್ಟೋರಿಯಾ ಹೋಟೆಲ್ಲಿನ ಹಿಂದೆ ಧರೆಯ ಒಂದು ಭಾಗ ಜರಿದು ಕೆಲವರು ಸಿಕ್ಕಿಕೊಂಡರು. ಅವರನ್ನು ಹೊರತೆಗೆಯಲು ಸೈನಿಕರು, ಅಧಿಕಾರಿಗಳು, ಕೂಲಿಗಳು ಓಡಿ ಬಂದು ಮಣ್ಣು ತೆಗೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಗುಡ್ಡವೇ ಕಳಚಿ ಬಂತು. ಕೆಲವೇ ಕ್ಷಣಗಳಲ್ಲಿ ಹೋಟೆಲ್, ಅಂಗಡಿ, ಸಭಾಭವನ, ನೈನಾದೇವಿಯ ಗುಡಿ ಎಲ್ಲವೂ ಮಣ್ಣಿನಡಿ ಸೇರಿದವು, ಕೆಲವು ಸರೋವರದೊಳಕ್ಕೆ ಹೋದವು. ಸತ್ತವರು 151 ಮಂದಿ. ಅವರಲ್ಲಿ 108 ಭಾರತೀಯರು. ಮೊದಲೇ ಇದ್ದ ಚಿಕ್ಕ ಬಯಲನ್ನು ಆ ಮಣ್ಣು ಹಿಗ್ಗಿಸಿತು. ಇಂದಿನ ಫ್ಲಾಟ್ಸ್ ಆದದ್ದು ಹಾಗೆ.

ಮಲ್ಲಿತಾಲ್‌ನ ಮೇಲೆ ದೇವದಾರುಗಳ ನಡುವೆ ಸೇಂಟ್ ಜಾನ್ ಇನ್ ದಿ ವೈಲ್ಡರ್ನೆಸ್ ಚರ್ಚ್ ಇದೆ. 1846ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ. ದುರಂತದಲ್ಲಿ ಮಡಿದವರ ಹೆಸರು ಕೆತ್ತಿದ ಹಿತ್ತಾಳೆ ಫಲಕ ಇಲ್ಲಿದೆ. ಮಣ್ಣಡಿ ಸಿಕ್ಕವರಿಗಾಗಿ ಗುದ್ದಲಿ ಹಿಡಿದು ಹೋಗಿ ಪ್ರಾಣ ಕಳೆದುಕೊಂಡ ಬೆಟ್ಟದ ಕೂಲಿಗಳಿಗೂ ಫ್ಲಾಟ್ಸ್‌ನ ಅಂಚಿನಲ್ಲಿ ಅಂಥದೇ ಗೌರವ ಸಲ್ಲಬೇಕು.

ದುರಂತದ ಬಳಿಕ ಆಳುವವರು ಗುಡ್ಡದ ಮಾತು ಕೇಳಿಸಿಕೊಂಡರು. ಶೇರ್ ಕಾ ಡಾಂಡಾದ ಮೈಯೆಲ್ಲ ಪುಡಿಪುಡಿಯಾಗುವ ಸ್ಲೇಟು ಕಲ್ಲು. ಮಳೆನೀರು ಅದರ ಪದರಗಳೊಳಗೆ ಇಳಿದರೆ ಗುಡ್ಡ ಜಾರುತ್ತದೆ. ನೀರನ್ನು ಒಳಗೆ ಇಂಗಲು ಬಿಡದೆ ಮೇಲಿಂದ ಮೇಲೆಯೇ ಹಿಡಿದು ಕೆಳಗಿಳಿಸುವುದೇ ದಾರಿ ಎಂದು ನಾಲಾಗಳ ಬಲೆ ಹೆಣೆದರು. ಅದೇ ಗುಡ್ಡದ ಮೇಲಿದ್ದ ಲೆಫ್ಟಿನೆಂಟ್ ಗವರ್ನರರ ಬಂಗಲೆಯ ನೆಲ ಬಿರುಕು ಬಿಟ್ಟಾಗ ಅದನ್ನೂ ಕೈಬಿಟ್ಟು, 1897ರಲ್ಲಿ ಎದುರಿನ ಗಟ್ಟಿ ಸುಣ್ಣಕಲ್ಲಿನ ಅಯಾರ್‌ಪಾಟಾ ಬದಿಯಲ್ಲಿ ಹೊಸ ರಾಜಭವನ ಕಟ್ಟಲು ಶುರು ಮಾಡಿದರು. ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕತೆ ಓದಿದ ಕನ್ನಡಿಗರಿಗೆ ಪರಿಚಿತನಾದ ಜಿಮ್ ಕಾರ್ಬೆಟ್ ಹುಟ್ಟಿದ್ದು ಈ ಊರಲ್ಲೇ, 1875ರಲ್ಲಿ. ಗುಡ್ಡ ಕುಸಿದಾಗ ಆತ ಐದು ವರ್ಷದ ಮಗು. ಆಮೇಲೆ ಕಾರ್ಬೆಟ್ ಕುಟುಂಬವೂ ಅಯಾರ್‌ಪಾಟಾ ಕಡೆ ಗರ್ನಿ ಹೌಸ್ ಕಟ್ಟಿಕೊಂಡಿತು. ಆ ಮನೆ ಇಂದಿಗೂ ಇದೆ.

ನೈನಾದೇವಿಯ ಗುಡಿಯನ್ನು ಸರೋವರದ ದಡದಲ್ಲೇ ಮತ್ತೆ ಕಟ್ಟಿದರು. ಭಾದ್ರಪದದ ನಂದಾಷ್ಟಮಿಗೆ ಇಲ್ಲಿ ಸೇರುವ ಜಾತ್ರೆ ಕುಮಾವೂಂ ಜನರ ಸ್ವಂತದ್ದು. ಹಳ್ಳಿಯಿಂದ ಬಾಳೆಗಿಡಗಳನ್ನು ಮೆರವಣಿಗೆಯಲ್ಲಿ ತರುತ್ತಾರೆ. ಬಾಳೆದಿಂಡಿಗೆ ಬಟ್ಟೆ ಸುತ್ತಿ, ಬಣ್ಣ ಬಳಿದು, ಕಣ್ಣು ಮೂಗು ತಿದ್ದಿ, ಒಡವೆ ತೊಡಿಸಿ ನಂದಾ, ಸುನಂದಾ ಎಂಬ ಅಕ್ಕತಂಗಿಯರ ಮೂರ್ತಿ ಮಾಡುತ್ತಾರೆ. ಹಬ್ಬ ಮುಗಿದ ಮೇಲೆ ಡೋಲಿಯಲ್ಲಿ ಊರೆಲ್ಲ ಸುತ್ತಿಸಿ ಇದೇ ಸರೋವರದಲ್ಲಿ ವಿಸರ್ಜನೆ. ಗುಡ್ಡ ಕುಸಿದ ಅದೇ ಮಳೆಗಾಲದ ಕೊನೆಯಲ್ಲಿ ಊರು ಹೀಗೆ ದೇವಿಯನ್ನು ತವರುಮನೆಯ ಮಗಳಂತೆ ಕರೆದು ಕಳಿಸುತ್ತದೆ.

ಹಿಂತಿರುಗಲು ಠಂಡಿ ಸಡಕ್ ಹಿಡಿಯಿರಿ. ಅಯಾರ್‌ಪಾಟಾದ ನೆರಳಲ್ಲಿ, ಪಾಷಾಣದೇವಿಯ ಗುಡಿಯ ಮುಂದೆ ಹಾದು ತಲ್ಲಿತಾಲ್ ಸೇರುವ ದಾರಿ ಇದು. ಇಲ್ಲಿಂದ ಎದುರಿನ ಶೇರ್ ಕಾ ಡಾಂಡಾ ಇಡಿಯಾಗಿ ಕಾಣುತ್ತದೆ. ತುದಿಯವರೆಗೂ ಮನೆ, ಮಹಡಿ, ತಗಡಿನ ಮಾಡು. ದಾರಿಯಲ್ಲಿ ಜೊತೆಯಾದ ವಯಸ್ಸಾದ ದೋಣಿಯವರನ್ನು ಊರವರ ಹಾಗೆ ‘ದಾಜ್ಯೂ’ (ಅಣ್ಣ) ಎಂದು ಕರೆದು ಕೇಳಿದೆ, ಅಷ್ಟು ಮೇಲೆ ಕಟ್ಟಲು ಬಿಡುತ್ತಾರೆಯೇ ಎಂದು. “ನಾಲಾ ಕಟ್ಟಿಕೊಂಡರೆ ಗುಡ್ಡ ಸುಮ್ಮನಿರುವುದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು ಸಾಹೇಬರೇ” ಎಂದರು.

ಕಾನೂನು ಇಲ್ಲದಿಲ್ಲ. ಇತಿಹಾಸಕಾರ ಅಜಯ್ ಸಿಂಗ್ ರಾವತ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲೇ ಬಹುಮಹಡಿ ಕಟ್ಟಡಗಳಿಗೆ ತಡೆ ಹಾಕಿತು. ಆದರೂ ನಾಲಾಗಳ ಅಂಚಿಗೆ, ಎಷ್ಟೋ ಕಡೆ ನಾಲಾಗಳ ಮೇಲೆಯೇ ಕಟ್ಟಡಗಳು ಎದ್ದಿವೆ, ಕಸ ತುಂಬಿದೆ. ಮಲ್ಲಿತಾಲ್‌ನ ಮೇಲಿರುವ ಸೂಖಾತಾಲ್ ಮಳೆಗಾಲದಲ್ಲಿ ತುಂಬಿ, ನೆಲದೊಳಗಿಂದ ಸರೋವರಕ್ಕೆ ನೀರುಣಿಸುವ ಕೆರೆ. ಅದರ ಅಂಗಳಕ್ಕೂ ಮಣ್ಣು, ಕಟ್ಟಡ ಬಂದು ಬಿದ್ದವು. 2018ರ ಆಗಸ್ಟ್‌ನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ತುಂಡು ಸರೋವರಕ್ಕೆ ಕುಸಿಯಿತು.

ಅದೇ ತಿಂಗಳು ನಮ್ಮ ಕೊಡಗಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಮನೆ, ತೋಟ, ಜನರನ್ನು ಹೊತ್ತು ಇಳಿದಿದ್ದವು. ಮಣ್ಣು ಬೇರೆ, ಕಲ್ಲು ಬೇರೆ, ಪಾಠ ಒಂದೇ. ಮೇಲೆ ಬಿದ್ದ ನೀರಿಗೆ ಹೋಗಲು ದಾರಿ ಇರಬೇಕು, ಆ ದಾರಿಯನ್ನು ಯಾರೂ ಮುಚ್ಚಬಾರದು. ನಮ್ಮ ಮಲೆನಾಡಿನ ಗುಡ್ಡಗಳಲ್ಲಿ ರೆಸಾರ್ಟ್ ಕಟ್ಟಲು, ರಸ್ತೆ ಅಗಲಿಸಲು ಅನುಮತಿ ಕೊಡುವವರನ್ನು ಈ ನಾಲಾಗಳ ಪಕ್ಕ ಒಮ್ಮೆ ನಡೆಸಿಕೊಂಡು ಬರಬೇಕು.

ಹೋಗುವುದಾದರೆ ಮೇ, ಜೂನ್ ಬಿಟ್ಟು ಅಕ್ಟೋಬರ್‌ನಲ್ಲಿ ಹೋಗಿ. ದೋಣಿಯಲ್ಲಿ ಕೂರಿ, ಬಾಲ್ ಮಿಠಾಯಿ ಕೊಳ್ಳಿ, ಗುಡಿಗೆ ಕೈಮುಗಿಯಿರಿ. ಜೊತೆಗೆ ಯಾವುದಾದರೂ ಒಂದು ನಾಲಾದ ಪಕ್ಕದ ಮೆಟ್ಟಿಲು ಹಿಡಿದು ಗುಡ್ಡ ಹತ್ತಿ. ನೂರಕ್ಕೂ ಹೆಚ್ಚು ವರ್ಷಗಳಿಂದ ಒಂದು ಊರನ್ನು ಅದರ ಜಾಗದಲ್ಲೇ ನಿಲ್ಲಿಸಿರುವ ಕೆಲಸ ಅದು. ರಾಜಭವನಕ್ಕೆ ಸಿಗುವ ಗೌರವ, ದುರಸ್ತಿ, ಕಾವಲು ಆ ಕಲ್ಲಿನ ಚರಂಡಿಗಳಿಗೂ ಸಿಗಬೇಕು. ರಾಜಭವನವೂ ಸೇರಿದಂತೆ ಊರಿನ ಉಳಿದ ಪರಂಪರೆಯೆಲ್ಲ ಸುರಕ್ಷಿತವಾಗಿರುವುದು ಗುಡ್ಡ ಜಾರದೆ ನಿಂತಿರುವವರೆಗೆ ಮಾತ್ರ.