ಪೀಪಾಯಿಯ ಗಂಧವೂ ದ್ರಾಕ್ಷಿಯ ಗಂಧವೂ

ಬೆಳಗಾವಿಯಿಂದ ಚೋರ್ಲಾ ಘಟ್ಟವಾಗಿ ಗೋವೆಗೆ ಹೋಗುವ ಮಾರ್ಗದಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯೆಂಬ ಗ್ರಾಮವಿರುವುದು. ಮಲಪ್ರಭೆಯ ಉಗಮಸ್ಥಾನವಿದೇ. ಇಲ್ಲಿ ಹುಟ್ಟಿದ ಹೊಳೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಆ ಕೃಷ್ಣಾ ಕಣಿವೆಯ ದ್ರಾಕ್ಷಿಯ ಸೀಮೆಯನ್ನು ಕರ್ನಾಟಕ ಸರಕಾರದ 2007ರ ನೀತಿಯು ದ್ರಾಕ್ಷಾಮದ್ಯ, ಎಂದರೆ ವೈನ್, ತಯಾರಿಕೆಗೆ ತಕ್ಕ ವಲಯಗಳಲ್ಲೊಂದೆಂದು ಗುರುತಿಸಿತು. ಆದುದರಿಂದ ಮದ್ಯವನ್ನಿಡುವ ಪೀಪಾಯಿಯು ಅದರ ಗಂಧವನ್ನು ಹೇಗೆ ಮಾರ್ಪಡಿಸುವುದೆಂಬ ವಿಚಾರವು ಈ ನಾಡಿಗೆ ಈಗ ಹೊರಗಿನದಾಗಿಲ್ಲ.

ಪೀಪಾಯಿಯೆಂಬ ಶಬ್ದವು ಪೋರ್ಚುಗೀಸರ 'ಪೀಪ' ಎಂಬುದರಿಂದ ಬಂದುದು. ಅದಕ್ಕೆ ಬೇಕಾದ ಮರವೂ ಇಲ್ಲಿಯದಲ್ಲ. ಖಾನಾಪುರದ ಅಡವಿಯಲ್ಲಿ ಮತ್ತಿ, ನೇರಳೆ, ಹೊನ್ನೆಗಳುಂಟು, ಓಕ್ ಮರವಿಲ್ಲ. ಭರತಖಂಡದಲ್ಲಿ ಅದು ಸಹಜವಾಗಿ ಬೆಳೆಯುವುದು ಹಿಮಾಲಯದಲ್ಲಿಯೂ ಈಶಾನ್ಯದ ಬೆಟ್ಟಗಳಲ್ಲಿಯೂ ಮಾತ್ರ. ಬಿಳಿ ಓಕಿನ ಚೇಗಿನಲ್ಲಿ ನೀರಿನ ನಾಳಗಳು ತಾವಾಗಿಯೇ ಮುಚ್ಚಿಕೊಂಡಿರುವುದರಿಂದ ದ್ರವವು ಸೋರದು. ವಾಯುವು ಮಾತ್ರ ಅತ್ಯಲ್ಪವಾಗಿ ಒಳಸೇರುವುದು.

ಪಾತ್ರೆಗೂ ಸಂಸ್ಕಾರವುಂಟೆಂಬುದು ಆಯುರ್ವೇದಕ್ಕೆ ತಿಳಿದ ಸಂಗತಿ. ಅರಿಷ್ಟಗಳನ್ನು ತುಪ್ಪ ಸವರಿದ ಮಣ್ಣಿನ ಭಾಂಡದಲ್ಲಿಡಬೇಕೆಂದು ವಿಧಿಯಿದೆ. ಭಾಂಡಕ್ಕೆ ಧೂಪ ಹಾಕುವ ಪದ್ಧತಿಯೂ ಇದೆ. ತುಪ್ಪವು ಮಣ್ಣಿನ ರಂಧ್ರಗಳನ್ನು ಮುಚ್ಚಿ ಪಾತ್ರೆಯನ್ನು ತಟಸ್ಥವಾಗಿಸುವುದು. ಧೂಪವು ಗಂಧವನ್ನು ಕೂಡಿಸುವುದು. ಓಕಿನ ಪೀಪಾಯಿಯಲ್ಲಿ ಗಂಧವು ಪಾತ್ರೆಯ ಮೈಯಿಂದಲೇ ಹೊರಡುವುದು.

ಹಲಗೆಗಳನ್ನು ಬಗ್ಗಿಸಿ ಪೀಪಾಯಿ ಕಟ್ಟುವಾಗ ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸುವರು. ಆಗ ಮರದ ಲಿಗ್ನಿನ್ ಒಡೆದು, ಮಧುರಗಂಧದ ವೆನಿಲ್ಲಿನ್ನೂ ಹೊಗೆಯ ವಾಸನೆಯ ಗ್ವಾಯಕಾಲೂ ಉಂಟಾಗುವುವು. ಲವಂಗದ ತೈಲಕ್ಕೆ ಪರಿಮಳವನ್ನೀಯುವ ಯೂಜಿನಾಲ್ ಓಕಿನಲ್ಲಿಯೂ ಇದೆ. ಕೊಬ್ಬರಿಯನ್ನು ನೆನಪಿಗೆ ತರುವ ಲ್ಯಾಕ್ಟೋನ್ ಎಂಬ ದ್ರವ್ಯವು ಅಮೆರಿಕದ ಓಕಿನಲ್ಲಿ ಫ್ರಾನ್ಸಿನದಕ್ಕಿಂತ ಸಾಮಾನ್ಯವಾಗಿ ಅಧಿಕ. ಪೀಪಾಯಿ ಚಿಕ್ಕದಾದಷ್ಟೂ ದ್ರವಕ್ಕೆ ತಗಲುವ ಮರ ಹೆಚ್ಚು. ಬೋರ್ಡೋ ಸೀಮೆಯ ರೂಢಿಯ ಅಳತೆ 225 ಲೀಟರು. ಹೊಸದರ ಗಂಧವು ತೀಕ್ಷ್ಣ. ಮೂರು ನಾಲ್ಕು ಸಲ ಬಳಸಿದ ಮೇಲೆ ಅದು ಬಹುಮಟ್ಟಿಗೆ ಕ್ಷೀಣಿಸುವುದು.

ಕೆಂಪು ಮದ್ಯವು ಸಿಪ್ಪೆಯೊಡನೆ ಹುಳಿತು ಒಗರಿನಿಂದ ಕೂಡಿರುವುದರಿಂದ ಮರದ ಗಂಧವನ್ನು ತಾಳಿಕೊಳ್ಳಬಲ್ಲದು. ಬಿಳಿಯದು ಸಾಮಾನ್ಯವಾಗಿ ಹಿಂಡಿದ ರಸದಿಂದ ಮಾತ್ರ ಆಗುವುದರಿಂದ ಅಲ್ಲಿ ಮರದ ಗುಣವು ಬೇಗ ಮೇಲೇಳುವುದು. ಇಲ್ಲಿ ಒಂದು ಸ್ವಾರಸ್ಯವಿದೆ. ರಸವನ್ನು ಪೀಪಾಯಿಯಲ್ಲಿಯೇ ಹುಳಿಸಿ, ತಳದ ಗಸಿಯ ಮೇಲೆಯೇ ಇಟ್ಟರೆ ಮರದ ವಾಸನೆಯು ಹೆಚ್ಚಬೇಕೆಂದು ತೋರುವುದು. ಆಗುವುದು ಇದರ ವಿಪರ್ಯಾಸ. ಹುಳಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ವೆನಿಲ್ಲಿನ್ನಿನ ಬಹುಭಾಗವನ್ನು ಗಂಧಹೀನಪ್ರಾಯವಾದ ಬೇರೊಂದು ದ್ರವ್ಯವನ್ನಾಗಿ ಮಾರ್ಪಡಿಸುವುದು. ಗಸಿಯೂ ಕೆಲಮಟ್ಟಿಗೆ ಗಂಧವನ್ನು ಹೀರಿಕೊಳ್ಳುವುದು. ಉಕ್ಕಿನ ತೊಟ್ಟಿಯಲ್ಲಿ ಹುಳಿಸಿ, ಶೋಧಿಸಿ, ಬಳಿಕ ಪೀಪಾಯಿಗೆ ತುಂಬಿದ ಮದ್ಯದಲ್ಲಿಯೇ ಮರದ ವಾಸನೆಯು ಪ್ರತ್ಯೇಕವಾಗಿ ಎದ್ದು ಕಾಣುವುದು.

ಎಲ್ಲ ದ್ರಾಕ್ಷಿಗೂ ಈ ಸಂಸ್ಕಾರವು ಹಿತವಲ್ಲ. ಬರ್ಗಂಡಿಯ ಶಾರ್ಡನೇ ಜಾತಿಗೆ ಇದು ಒಪ್ಪುವುದು. ಸೋವಿನ್ಯಾನ್ ಬ್ಲಾಂಕ್ ಜಾತಿಯ ಕೆಲವು ಗಂಧದ್ರವ್ಯಗಳು ವಾಯುಸ್ಪರ್ಶದಿಂದ ಬೇಗ ಕೆಡತಕ್ಕವು. ಆದುದರಿಂದ ಅದನ್ನು ಹೆಚ್ಚಾಗಿ ಉಕ್ಕಿನ ತೊಟ್ಟಿಯಲ್ಲಿಯೇ ಕಾಪಾಡುವರು. ಭಾರತದ ಬಿಳಿಯ ಮದ್ಯಕ್ಕೆ ವಿಶೇಷವಾಗಿ ಬಳಕೆಯಲ್ಲಿರುವುವು ಇದೂ ಶೆನಿನ್ ಬ್ಲಾಂಕ್ ಎಂಬುದೂ ಆಗಿರುವುದರಿಂದ ಈ ಭೇದವು ಇಲ್ಲಿ ಲಕ್ಷಿಸತಕ್ಕುದು.

ಕೌಟಿಲ್ಯನು ದ್ರಾಕ್ಷಾರಸದ ಮದ್ಯವನ್ನು 'ಮಧು'ವೆಂದು ಕರೆದು, ಹುಟ್ಟಿದ ಸೀಮೆಯಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಹೇಳಿರುವನು. ಸೀಮೆಯ ಹೆಸರು ಸಾರ್ಥಕವಾಗಬೇಕಾದರೆ ಆ ಸೀಮೆಯ ಹಣ್ಣಿನ ಗುಣವು ಮದ್ಯದಲ್ಲಿ ಉಳಿದಿರಬೇಕಷ್ಟೆ. ಕೃಷ್ಣಾ ತೀರದ ದ್ರಾಕ್ಷಿಯು ಫ್ರಾನ್ಸಿನ ಅಡವಿಯ ಗಂಧವನ್ನು ಮಾತ್ರ ಬೀರಿದರೆ, ಹೆಸರು ಒಂದು ನೆಲದ್ದು, ಗಂಧ ಇನ್ನೊಂದರದು ಎಂದಾಗುವುದು. ಪೀಪಾಯಿಯು ಹಣ್ಣಿಗೆ ಅಂಗವಾಗಿರುವವರೆಗೆ ಸಂಸ್ಕಾರ, ಅಂಗಿಯಾದೊಡನೆ ಆಚ್ಛಾದನ.